ಪರೇಲಿನ ಯಾತ್ರೆ

ಕಾಶಿ, ರಾಮೇಶ್ವರ, ಪಂಢರಪುರಗಳ ಯಾತ್ರಾವರ್ಣನೆಗಳನ್ನು ವಾಚಕರು ಎಷ್ಟೋ ಸಾರಿ ಓದಿರುವರು. ನಾವು ಈಗ ಬರೆಯಹೊರಟಿರುವ ಯಾತ್ರೆಯು ಅಂಥ ಪುಣ್ಯಕ್ಷೇತ್ರಕ್ಕೆ ಮಾಡಿದುದಲ್ಲ. ಆದರೂ ಹೊರಡುವ ದಿನ ಓಣಿಯವರೆಲ್ಲರೂ ಬಾಗಿಲವರೆಗೆ ಬಂದು ಕಣ್ಣೊರಸಿಕೊಂಡು ಕಳಿಸಿಕೊಟ್ಟುದನ್ನು ನೋಡಿದರೆ, ಹಿಂದಿನ ಕಾಲದಲ್ಲಿ ಕಾಲುನಡಿಗೆಯಿಂದ ಕಾಶಿಗೆ ಹೊರಟವರಿಗೂ ಇದಕ್ಕಿಂತ ಹೆಚ್ಚಿನ ಬೀಳ್ಕೊಡುಗೆ ಆಗಿರಲಾರದೆಂದು ತೋರುತ್ತದೆ. ನಾವು ಹೋದದ್ದು ಮುಂಬಯಿಯ ಪರೇಲಿಗೆ. ಹೋದ ಕಾರಣವೆಂದರೆ, ನಮ್ಮ ಬಾಲ್ಯಸ್ನೇಹಿತರಾದ ದಾಸರ ಕಂಠದಲ್ಲಿ ಅರ್ಬುದರೋಗವು ಕಾಣಿಸಿಕೊಂಡದ್ದು.

ಅವರಿಗೆ ತಂದೆತಾಯಿಗಳಿಟ್ಟ ಹೆಸರು ಬೇರೆ ಉಂಟು. ಆದರೆ ನಲವತ್ತು ವರ್ಷಗಳಿಂದ ಕೀರ್ತನೆ ಮಾಡುತ್ತ ಬಂದುದರಿಂದ ಧಾರವಾಡದ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವರು ದಾಸರೆಂದೇ ಪ್ರಸಿದ್ಧರು. ಜಾತ್ರೆ, ಸಪ್ತಾಹ, ರಾಮನವಮಿ ಎಲ್ಲಿದ್ದರೂ ಅವರಿಗೆ ಕರೆ. ಕಂಠವೇ ಅವರ ಹೊಲ, ಕಂಠವೇ ಅವರ ಪಿಂಚಣಿ.

ಹನ್ನೆರಡು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಅವರ ಬೆರಳುಗಳು ತಣ್ಣೀರು ಸೋಕಿದೊಡನೆ ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಗೆ ತಿರುಗಿ, ಕಡೆಗೆ ಕೆಂಪಡರಿ ಉರಿಯತೊಡಗಿದವು. ಎರಡು ವರ್ಷಗಳೊಳಗೆ ಬೆರಳಿನ ಚರ್ಮವು ಮದ್ದಳೆಯ ಮುಖದಂತೆ ಬಿಗಿದುಕೊಂಡು, ತಾಳ ಹಿಡಿಯುವುದೂ ಕಷ್ಟವಾಯಿತು. ತರುವಾಯ ಮುಖದ ಸುಕ್ಕುಗಳು ಒಂದೊಂದಾಗಿ ಮಾಯವಾದವು. ಅದನ್ನು ಕಂಡು ನಾವೆಲ್ಲರೂ “ದಾಸರಿಗೆ ಯೌವನ ಮರಳಿತು” ಎಂದು ವಿನೋದ ಮಾಡಿದ್ದುಂಟು. ಅದು ಸ್ಕ್ಲೀರೋಡರ್ಮ ಎಂಬ ರೋಗದ ಲಕ್ಷಣವೆಂದು ಆಮೇಲೆ ತಿಳಿದಾಗ ನಮ್ಮ ವಿನೋದಕ್ಕೆ ನಾವೇ ನಾಚಿದೆವು.

ಈ ಜಾತಿಯ ರೋಗಗಳಿಗೆ ಸಂಯೋಜಕ ಅಂಗಾಂಶದ ರೋಗಗಳೆಂದು ಹೆಸರು. ಮನೆಗೆ ತೊಲೆಕಂಬಗಳಿದ್ದಂತೆ ಶರೀರದಲ್ಲಿ ಚರ್ಮ, ಸಂಧಿ, ರಕ್ತನಾಳ, ಶ್ವಾಸಕೋಶ ಇವೆಲ್ಲವನ್ನೂ ಹಿಡಿದು ನಿಲ್ಲಿಸುವ ಧಾತುವೊಂದುಂಟು. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ದೇಹಶಕ್ತಿಯು ದಾರಿ ತಪ್ಪಿ ಈ ಧಾತುವನ್ನೇ ಪೀಡಿಸತೊಡಗಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಸ್ಕ್ಲೀರೋಡರ್ಮದಲ್ಲಿ ನಾರಿನಂಥ ದ್ರವ್ಯವು ಮಿತಿಮೀರಿ ಬೆಳೆದು ಚರ್ಮವೂ ಒಳಗಿನ ಅವಯವಗಳೂ ಗಡುಸಾಗುತ್ತವೆ. ಸಣ್ಣ ರಕ್ತನಾಳಗಳು ಇಕ್ಕಟ್ಟಾಗುತ್ತವೆ. ಲೂಪಸ್ ಎಂಬುದು ಇದೇ ಗೋತ್ರದ್ದು. ಕೈಬೆರಳ ಗೆಣ್ಣುಗಳನ್ನು ಊದಿಸಿ ಸೊಟ್ಟಗೆ ಮಾಡುವ ರುಮಟಾಯ್ಡ್ ಸಂಧಿವಾತವೂ ಇದೇ ಗೋತ್ರದ್ದೇ. ಆದರೆ ಒಂದೇ ಗೋತ್ರದವರೆಲ್ಲರ ಸ್ವಭಾವವೂ ಒಂದೇ ಅಲ್ಲವೆಂಬುದನ್ನು ನಾವು ಪರೇಲಿನಲ್ಲಿ ಕಲಿತೆವು.

2023ರ ಬೇಸಗೆಯಲ್ಲಿ ದಾಸರ ದನಿ ಒಡೆಯಿತು. ಅವರ ಅನ್ನನಾಳವು ಮೊದಲೇ ಗಡುಸಾಗಿ, ಉಂಡದ್ದು ಹುಳಿಯಾಗಿ ಮೇಲಕ್ಕೆ ಬರುತ್ತಿದ್ದುದರಿಂದ, ಆ ಹುಳಿಯಿಂದಲೇ ಗಂಟಲು ಕೆಟ್ಟಿತೆಂದು ಎಲ್ಲರೂ ನಂಬಿದರು. ನಾವೂ ಜೇಷ್ಠಮಧುವಿನ ಚೂರು ಕೊಟ್ಟು ಸುಮ್ಮನಾದೆವು. ಐದು ತಿಂಗಳು ಹೀಗೆ ಕಳೆಯಿತು. ಮೂರು ವಾರ ಮೀರಿ ದನಿ ಒಡೆದಿದ್ದರೆ ಗಂಟಲಿನ ವೈದ್ಯರು ದುರ್ಬೀನಿನಿಂದ ನೋಡಲೇಬೇಕೆಂಬ ನಿಯಮವು ಅಂದು ನಮಗೆ ತಿಳಿದಿರಲಿಲ್ಲ. ವಾಚಕರಾದರೂ ಇದನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಕೊನೆಗೆ ನೋಡಿಸಿದಾಗ ಎಡಗಡೆಯ ಸ್ವರತಂತುವಿನ ಮೇಲೆ ಗೋದಿಕಾಳಿನಷ್ಟು ಗಂಟು. ಬಯಾಪ್ಸಿಯಲ್ಲಿ ಅರ್ಬುದವೆಂದು ಸಿದ್ಧವಾಯಿತು. ಹರಯದಲ್ಲಿ ರಾತ್ರಿಯ ಕೀರ್ತನೆ ಮುಗಿದ ಮೇಲೆ ದಾಸರು ಬೀಡಿ ಸೇದುತ್ತಿದ್ದುದುಂಟು. ಅದನ್ನು ಬಿಟ್ಟೇ ಹನ್ನೆರಡು ವರ್ಷವಾಗಿತ್ತು. ಅದರ ಲೆಕ್ಕ ಈಗ ಬಂದಿತು.

ಒಂದೆಡೆಯಲ್ಲಿ (ಊರೂ ಸ್ಥಳವೂ ಬೇಡ) “ಚಿಕ್ಕ ಗಂಟು, 33 ದಿನ ಕರೆಂಟು ಕೊಟ್ಟರೆ ಹೋಗುತ್ತದೆ” ಎಂದು ಹೇಳಿ ದಿನವನ್ನೂ ಗೊತ್ತುಮಾಡಿಬಿಟ್ಟರು. ನಮ್ಮ ಜನರು ಕರೆಂಟೆಂದು ಕರೆಯುವುದು ವಿಕಿರಣ ಚಿಕಿತ್ಸೆಗೆ. ದಾಸರ ಕೈಯನ್ನು ಅಲ್ಲಿ ಯಾರೂ ನೋಡಲಿಲ್ಲ, ದಾಸರೂ ಹೇಳಲಿಲ್ಲ. ಗಂಟಲಿಗೆ ಬಂದವರು ಕೈಯ ಮಾತೇಕೆ ಆಡಬೇಕು? ಹಿಂದಿನ ದಿನ ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಹೃದಯರೋಗದ ವೈದ್ಯ, ಯದೃಚ್ಛೆಯಿಂದ ಮನೆಗೆ ಬಂದವನು ಕಾಗದಗಳನ್ನು ನೋಡಿ ಹೌಹಾರಿದನು. “ಸರ್, ಈ ರೋಗ ಇದ್ದವರಿಗೆ ವಿಕಿರಣ ಕೊಡುವ ಮುಂಚೆ ಹತ್ತು ಸಾರಿ ವಿಚಾರ ಮಾಡಬೇಕು. ಟಾಟಾಕ್ಕೆ ಹೋಗ್ರಿ” ಎಂದನು. ಧಾರವಾಡವು 1956ರವರೆಗೆ ಮುಂಬಯಿ ಪ್ರಾಂತದಲ್ಲಿಯೇ ಇದ್ದುದು. ದೊಡ್ಡ ರೋಗಕ್ಕೆ ಮುಂಬಯಿ ಎಂಬುದು ನಮ್ಮ ಕಡೆಯವರ ರಕ್ತದಲ್ಲಿಯೇ ಇದೆ.

ನವಂಬರ ಕೊನೆಯ ವಾರದಲ್ಲಿ ದಾಸರು, ವೈನಿಯವರು, ನಾವು, ಹೀಗೆ ಮೂವರು ದಾದರಿಗೆ ಹೋಗುವ ಗಾಡಿಯನ್ನು ಹತ್ತಿದೆವು. ಲೋಂಡಾದವರೆಗೆ ಕಾಡು, ಬೆಳಗಾವಿ ದಾಟಿದ ಮೇಲೆ ಕಬ್ಬಿನ ಹೊಲಗಳು. ವೈನಿಯವರು ನಮಗಾಗಿ ಚಪಾತಿ, ಶೇಂಗಾಚಟ್ನಿ ಕಟ್ಟಿದ್ದರು. ದಾಸರಿಗಾಗಿ ಬೇರೆ ಡಬ್ಬಿಯಲ್ಲಿ ಮೆತ್ತಗೆ ಕಲಸಿದ ಮೊಸರನ್ನ. ಒಣ ಚಪಾತಿ ಅವರ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕುಡಚಿಯ ಹತ್ತಿರ ಕೃಷ್ಣೆಯ ಸೇತುವೆ ಬಂದಾಗ ಕತ್ತಲೆಯಾಗಿತ್ತು. ದಾಸರು ನದಿಗೆ ಕೈಮುಗಿದು, ಒಡೆದ ದನಿಯಲ್ಲಿ, “ಮಾಸ್ತರ, ತಿರಗಿ ಬರೂ ಮುಂದ ಈಕೀನ ಮುಂದ ಹಾಡತೇನೋ ಇಲ್ಲೋ” ಎಂದರು. ನಾವು ಉತ್ತರ ಕೊಡದೆ ಕಿಡಕಿಯನ್ನು ಮುಚ್ಚಿದೆವು. ತಂಗಾಳಿಗೆ ಅವರ ಬೆರಳು ಬೆಳ್ಳಗಾಗತೊಡಗಿದ್ದವು. ಬೆಳಗಿನ ಜಾವ ಗಾಡಿಯು ಖಂಡಾಳೆಯ ಸುರಂಗಗಳನ್ನು ಒಂದೊಂದಾಗಿ ನುಂಗುತ್ತ ಕೆಳಗಿಳಿಯಿತು. 1863ರಲ್ಲಿ ತೆರೆದ ಈ ಬೋರಘಾಟಿನ ಮಾರ್ಗವನ್ನು ವರ್ಣಿಸುವ ಆಸೆ ನಮಗುಂಟು. ಅದು ಬೇರೆ ಲೇಖನದ ಮಾತು.

ದಾದರಿನಲ್ಲಿ ಇಳಿದೊಡನೆ ಹೂವಿನ ವಾಸನೆ. ನಸುಕಿನಲ್ಲಿಯೇ ಚೆಂಡುಹೂ, ಸೇವಂತಿಗೆಗಳ ಗೋಣಿಗಳು ನಿಲ್ದಾಣದ ಹೊರಗೆ ಬೆಟ್ಟದಂತೆ ಬಿದ್ದಿರುತ್ತವೆ. ಪೂರ್ವದಿಕ್ಕಿಗೆ ಸ್ವಲ್ಪ ನಡೆದರೆ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ. ಟಾಟಾ ಆಸ್ಪತ್ರೆಗೆ ದೂರದಿಂದ ಬರುವ ಬಡರೋಗಿಗಳಿಗೆ ಅಲ್ಪವೆಚ್ಚದಲ್ಲಿ ಆಶ್ರಯವೀಯುವ ಸ್ಥಳವಿದು. ಗಾಡಗೆ ಮಹಾರಾಜರು 1876ರಲ್ಲಿ ವಿದರ್ಭದ ಅಮರಾವತಿಯ ಸೀಮೆಯಲ್ಲಿ ಅಗಸರ ಕುಲದಲ್ಲಿ ಹುಟ್ಟಿದವರು. ಊರಿಗೆ ಹೋದೊಡನೆ ಕಸಬರಿಗೆ ಹಿಡಿದು ಬೀದಿ ಗುಡಿಸುವರು; ರಾತ್ರಿ ಅದೇ ಊರಿನಲ್ಲಿ ಕೀರ್ತನೆ ಮಾಡುವರು; ಬಂದ ಹಣದಲ್ಲಿ ಗುಡಿ ಕಟ್ಟದೆ ಧರ್ಮಶಾಲೆ ಕಟ್ಟಿಸುವರು. ದಾಸರು ಬಾಗಿಲಲ್ಲಿಯ ಚಿತ್ರಕ್ಕೆ ಬಹಳ ಹೊತ್ತು ಕೈಮುಗಿದು ನಿಂತರು. ಕಂಠ ಕಳೆದುಕೊಳ್ಳುವ ಭಯದಲ್ಲಿರುವ ಕೀರ್ತನಕಾರನಿಗೆ ಇನ್ನೊಬ್ಬ ಕೀರ್ತನಕಾರನ ಮನೆಯಲ್ಲಿ ಇಳಿಯಲು ಸ್ಥಳ ಸಿಕ್ಕಿತೆಂದರೆ ನಾವು ಶಕುನವೆಂದೇ ತಿಳಿದೆವು.

ಧರ್ಮಶಾಲೆಯ ನೋಟವು ಮೊದಲ ದಿನ ಎದೆ ಒಡೆಸುವಂಥದು. ಮೂಗಿನಲ್ಲಿ ಆಹಾರದ ನಳಿಕೆ ಸಿಕ್ಕಿಸಿಕೊಂಡವರು, ದವಡೆ ಕತ್ತರಿಸಿದವರು, ಕುತ್ತಿಗೆ ಕರ್ರಗೆ ಸುಟ್ಟಂತಾದವರು. ಮೂರನೆಯ ದಿನಕ್ಕೆ ಅದೇ ಜನರು ಅಕ್ಕಿ ಆರಿಸುತ್ತ, ಬಟ್ಟೆ ಒಣಹಾಕುತ್ತ, ಪರಸ್ಪರರ ಮಕ್ಕಳಿಗೆ ಗದರಿಸುತ್ತ ಇರುವ ನೆರೆಹೊರೆಯವರಾಗಿಬಿಡುತ್ತಾರೆ. ಕುತ್ತಿಗೆಯಲ್ಲಿ ರಂಧ್ರವಿದ್ದ ಬಿಹಾರದ ಒಬ್ಬ ಗೃಹಸ್ಥನು ಬೆರಳಿನಿಂದ ಅದನ್ನು ಮುಚ್ಚಿ ಸೊಗಸಾಗಿ ಮಾತಾಡುತ್ತಿದ್ದನು. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಚಿಕ್ಕ ಕವಾಟವಿಟ್ಟು ಮಾತು ಬರಿಸುವ ಉಪಾಯವಿದು. ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ ರಾವ್ ಅವರು ಇಂಥದೊಂದು ಕವಾಟವನ್ನು 50 ರೂಪಾಯಿಗೆ ದೊರೆಯುವಂತೆ ರೂಪಿಸಿದರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಧರ್ಮಶಾಲೆಯಲ್ಲಿಯೂ ಸ್ಥಳ ಸಿಗದ ಎಷ್ಟೋ ಜನರು ಪರೇಲಿನ ಬೀದಿಬದಿಯಲ್ಲಿಯೇ ಹಾಸಿಕೊಂಡು ಮಲಗುತ್ತಾರೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಪರೇಲು ಮುಂಬಯಿಯ ಹಳೆಯ ಊರು. ಒಂದು ಕಾಲಕ್ಕೆ ಆಂಗ್ಲ ಗವರ್ನರರ ಬಂಗಲೆ ಇಲ್ಲಿತ್ತು. ತರುವಾಯ ಬಟ್ಟೆಗಿರಣಿಗಳ ಹೊಗೆಗೊಳವೆಗಳು ಎದ್ದವು. ಈಗ ಗಿರಣಿಗಳ ಜಾಗದಲ್ಲಿ ಗಗನಚುಂಬಿ ಮನೆಗಳೆದ್ದಿವೆ. ಗವರ್ನರರ ಆ ಬಂಗಲೆಯಲ್ಲಿ 1899ರಲ್ಲಿ ಹಾಫ್ಕಿನ್ ಮಹಾಶಯನ ಪ್ರಯೋಗಶಾಲೆ ನೆಲಸಿತು. ಪ್ಲೇಗಿನ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಧೀರನವನು. ಕೆ.ಇ.ಎಂ. ಆಸ್ಪತ್ರೆ, ವಾಡಿಯಾ ಆಸ್ಪತ್ರೆ, ಟಾಟಾ ಸ್ಮಾರಕ ಆಸ್ಪತ್ರೆ ಎಲ್ಲವೂ ಕೂಗಳತೆಯಲ್ಲಿ. ದೊರಾಬ್ಜಿ ಟಾಟಾರವರ ಪತ್ನಿ ಮೆಹರ್‌ಬಾಯಿಯವರು 1931ರಲ್ಲಿ ರಕ್ತದ ಅರ್ಬುದದಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ಹೋದರು. ಅವರ ನಿಧಿಯಿಂದ 1941ರ ಫೆಬ್ರುವರಿ 28ರಂದು ಈ ಆಸ್ಪತ್ರೆ ತೆರೆಯಿತು. 1962ರಿಂದ ಇದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ಕಿರಣಗಳಿಂದ ರೋಗವನ್ನು ಸುಡುವ ವಿದ್ಯೆಗೆ ಅಣುವಿದ್ಯೆಯೇ ತಾಯಿಯಾದುದರಿಂದ ಈ ಸಂಬಂಧವು ಉಚಿತವೇ.

ಅಲ್ಲಿ ನಮ್ಮ ಪಾಲಿಗೆ ಬಂದವರಲ್ಲಿ ಕಲಬುರ್ಗಿಯ ಕಡೆಯ ಒಬ್ಬ ತರುಣ ವೈದ್ಯೆ ಇದ್ದುದು ನಮ್ಮ ಭಾಗ್ಯ. ಗಂಟಲು ನೋಡುವ ಮೊದಲೇ ಆಕೆ ದಾಸರ ಬೆರಳುಗಳನ್ನು ಹಿಡಿದು ನೋಡಿದಳು. “ಅಜ್ಜಾರ, ಇದು ಎಷ್ಟು ವರ್ಷದಿಂದ?” ಎಂದು ಕೇಳಿ, ಬಾಯಿ ತೆರೆಯಿಸಿ, ತೆರೆದ ಬಾಯಿಯಲ್ಲಿ ದಾಸರ ಬೆರಳುಗಳನ್ನೇ ಅಡ್ಡಲಾಗಿ ಒಂದರ ಮೇಲೊಂದಿಟ್ಟು ಅಳೆದಳು. ಆರೋಗ್ಯವಂತನ ಬಾಯಲ್ಲಿ ತನ್ನ ಮೂರು ಬೆರಳು ಹಿಡಿಸುತ್ತವೆ. ದಾಸರ ಬಾಯಲ್ಲಿ ಎರಡೂ ಪೂರ್ತಿ ಹಿಡಿಸಲಿಲ್ಲ. ಆಮೇಲೆ ಒಂದು ವಾರ ಪರೀಕ್ಷೆಗಳು. ಸಂಧಿರೋಗದ ವೈದ್ಯರು, ಶ್ವಾಸಕೋಶದವರು, ಶಸ್ತ್ರವೈದ್ಯರು, ವಿಕಿರಣದವರು ಒಟ್ಟಿಗೆ ಕುಳಿತು ಸಮಾಲೋಚನೆ ಮಾಡಿದರು. ಮುಗಿದ ಬಳಿಕ ಹಿರಿಯ ವೈದ್ಯರು ದಾಸರನ್ನು ಎದುರಿಗೆ ಕೂಡಿಸಿಕೊಂಡು ಮರಾಠಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ನಾವು ಅರ್ಥಮಾಡಿಕೊಂಡುದನ್ನು ಯಥಾಶಕ್ತಿ ಕನ್ನಡದಲ್ಲಿ ಇಳಿಸುತ್ತೇವೆ.

ಸ್ವರತಂತುವಿನ ಆರಂಭದ ಅರ್ಬುದಕ್ಕೆ ಎರಡು ಮಾರ್ಗಗಳು: ವಿಕಿರಣ, ಇಲ್ಲವೆ ಬಾಯಿಯ ಮೂಲಕವೇ ಲೇಸರ್ ಕಿರಣದಿಂದ ಗಂಟನ್ನು ಕೊಯ್ದು ತೆಗೆಯುವುದು. ಎರಡರಿಂದಲೂ ಹತ್ತರಲ್ಲಿ ಒಂಬತ್ತು ಜನರ ರೋಗವು ಹತೋಟಿಗೆ ಬರುತ್ತದೆ. ಗಂಟು ತಂತುವಿನ ಮೇಲ್ಪದರದಲ್ಲಿಯೇ ಇದ್ದರೆ ದನಿಯ ವಿಷಯದಲ್ಲಿಯೂ ಹೆಚ್ಚಿನ ಭೇದವಿಲ್ಲ. ಆದರೆ ದಾಸರ ಗಂಟು ಸ್ವಲ್ಪ ಆಳಕ್ಕೆ ಇಳಿದಿತ್ತು. ಕೊಯ್ದರೆ ತಂತುವಿನ ಒಂದಂಶವೂ ಹೋಗಿ ದನಿಯಲ್ಲಿ ಗಾಳಿ ಸೇರುವುದು. ಆದ್ದರಿಂದ ಬೇರೆ ಯಾವ ಕೀರ್ತನಕಾರನಿಗಾದರೂ ವಿಕಿರಣವನ್ನೇ ಸೂಚಿಸುತ್ತಿದ್ದರು.

ದಾಸರ ವಿಷಯದಲ್ಲಿ ತೊಡಕು ಇಲ್ಲಿಯೇ. ವಿಕಿರಣವು ಅರ್ಬುದವನ್ನು ಕೊಂದ ತರುವಾಯ, ತಿಂಗಳುಗಳೂ ವರ್ಷಗಳೂ ಕಳೆದಂತೆ, ಆ ಭಾಗದಲ್ಲಿ ನಾರು ಕಟ್ಟಿಸುತ್ತದೆ, ಸಣ್ಣ ರಕ್ತನಾಳಗಳನ್ನು ಇಕ್ಕಟ್ಟಾಗಿಸುತ್ತದೆ. ಸಾಮಾನ್ಯರಲ್ಲಿ ಇದು ಸಹ್ಯವಾದಷ್ಟೇ ಇರುವುದು. ಆದರೆ ಸ್ಕ್ಲೀರೋಡರ್ಮವು ಮಾಡುವ ಕೆಲಸವೂ ಇದೇ ಅಲ್ಲವೆ? ಎರಡೂ ಸೇರಿದಲ್ಲಿ ಕುತ್ತಿಗೆಯು ಹಲಗೆಯಂತಾಗಬಹುದು, ಅನ್ನನಾಳವು ಮುಚ್ಚಿಕೊಳ್ಳಬಹುದು, ಧ್ವನಿಪೆಟ್ಟಿಗೆಯ ಮೃದ್ವಸ್ಥಿಯೇ ರಕ್ತವಿಲ್ಲದೆ ಸಾಯಬಹುದು. ಹಾಗಾದರೆ ಯಾವ ದನಿಗಾಗಿ ವಿಕಿರಣವನ್ನು ಆರಿಸಿದರೋ ಆ ದನಿಪೆಟ್ಟಿಗೆಯನ್ನೇ ಕಿತ್ತು ತೆಗೆಯುವ ಪ್ರಸಂಗ ಬಂದೀತು.

“ಬಂದೇ ಬರುವುದೆ?” ಎಂದು ನಾವು ನಡುವೆ ಬಾಯಿಹಾಕಿದೆವು. ವೈದ್ಯರು ಸಿಟ್ಟಾಗಲಿಲ್ಲ. ಬಂದೇ ಬರುವುದೆಂದು ಹೇಳಲಾಗದೆಂದರು. ಅಮೆರಿಕದ ಅಯೋವಾದಲ್ಲಿ 1993ರಲ್ಲಿ ಇಂಥ 61 ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಿದಾಗ ಒಟ್ಟಿನಲ್ಲಿ ಹೇಳುವಂಥ ಭೇದ ಕಾಣಲಿಲ್ಲವಂತೆ. ಆದರೆ 1997ರಲ್ಲಿ ಬೋಸ್ಟನ್ ನಗರದ ವೈದ್ಯರು 209 ರೋಗಿಗಳ ದಾಖಲೆಗಳನ್ನು ರೋಗಭೇದದಿಂದ ವಿಂಗಡಿಸಿ ನೋಡಿದರು. ರುಮಟಾಯ್ಡ್ ಸಂಧಿವಾತದವರಲ್ಲಿ ಐದು ವರ್ಷಗಳೊಳಗೆ ತೀವ್ರವಾದ ತಡ ಪರಿಣಾಮಗಳು ನೂರಕ್ಕೆ 6. ಸ್ಕ್ಲೀರೋಡರ್ಮ, ಲೂಪಸ್ ಮೊದಲಾದವರಲ್ಲಿ ನೂರಕ್ಕೆ 21. ಅಂದರೆ ಈ ಗೋತ್ರದವರೆಂದೊಡನೆ ವಿಕಿರಣವೇ ಬೇಡವೆನ್ನುವುದೂ ತಪ್ಪು. ಏನೂ ಆಗದೆಂದು ನುಗ್ಗುವುದೂ ತಪ್ಪು. ಬೇರೆ ಮಾರ್ಗವಿದ್ದರೆ ಸ್ಕ್ಲೀರೋಡರ್ಮದವರಿಗೆ ವಿಕಿರಣವನ್ನು ಕೈಬಿಡುವುದು ಲೇಸು; ಬೇರೆ ಮಾರ್ಗವಿಲ್ಲದಿದ್ದರೆ ತಿಳಿದೂ ತಿಳಿದೂ ಕೊಡಲೇಬೇಕಾಗುವುದು. ಗಂಟು ಇನ್ನೂ ದೊಡ್ಡದಾಗಿದ್ದರೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ವಿಕಿರಣದೊಡನೆ ಕೂಡಿಸುತ್ತಾರೆ. ಅದು ಮೂತ್ರಪಿಂಡಗಳಿಗೂ ಬೆರಳಿನ ರಕ್ತನಾಳಗಳಿಗೂ ಅಹಿತ. ದಾಸರಿಗೆ ಆ ಪ್ರಸಂಗ ಬರಲಿಲ್ಲವೆಂಬುದೇ ಸಮಾಧಾನ.

ಲೇಸರಿನ ದಾರಿಯೂ ನಿಷ್ಕಂಟಕವಲ್ಲ. ಅದಕ್ಕೆ ಬಾಯಿಯ ಮೂಲಕ ಉಕ್ಕಿನ ನಳಿಗೆಯೊಂದನ್ನು ಸ್ವರತಂತುವಿನವರೆಗೆ ನೆಟ್ಟಗೆ ಇಳಿಸಬೇಕು. ಎರಡು ಬೆರಳೂ ಹಿಡಿಸದ ಬಾಯಲ್ಲಿ ನಳಿಗೆ ಹೇಗೆ ಇಳಿದೀತು? ಕುತ್ತಿಗೆಯನ್ನು ಹೊರಗಿನಿಂದ ತೆರೆದು ಕೊಯ್ಯುವ ಮೂರನೆಯ ದಾರಿಯುಂಟು. ಆದರೆ ಅದರ ತರುವಾಯ ನುಂಗುವಾಗ ಅನ್ನವು ಶ್ವಾಸಮಾರ್ಗಕ್ಕೆ ಜಾರುವ ಭಯವಿರುವುದರಿಂದ, ಅನ್ನನಾಳ ಕೆಟ್ಟವರಿಗೆ ಅದು ಹೇಳಿದ್ದಲ್ಲ. ದಾಸರು ಎಲ್ಲವನ್ನೂ ಕೇಳಿ, “ದನಿ ಹೋದರೂ ಮಾತು ಉಳಿತೈತಿ?” ಎಂದು ಒಂದೇ ಪ್ರಶ್ನೆ ಕೇಳಿದರು. ಮಾತು ಉಳಿಯುವುದು, ಮೇಲಿನ ಸ್ಥಾಯಿಯ ಹಾಡು ಕಷ್ಟ ಎಂದು ಉತ್ತರ ಬಂದಿತು. ದಾಸರು ವೈನಿಯವರ ಮುಖ ನೋಡಿದರು. ವೈನಿಯವರು, “ಹಾಡು ಕೇಳಾಕ ರೇಡಿಯೋ ಐತಿ” ಎಂದರು. ನಲವತ್ತು ವರ್ಷಗಳ ಸಂಸಾರದ ತೀರ್ಮಾನ ಇಷ್ಟೇ ಮಾತಿನಲ್ಲಿ ಆಯಿತು.

ಆದರೆ ಬಾಯಿ ತೆರೆಯಬೇಕಲ್ಲ! ವೈದ್ಯೆಯು ಐಸ್‌ಕ್ರೀಮಿನ ಕಡ್ಡಿಯಂಥ ಚಪ್ಪಟೆಯಾದ ಕಟ್ಟಿಗೆಯ ಕಡ್ಡಿಗಳ ಕಟ್ಟನ್ನು ಕೊಟ್ಟಳು. ಅವುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಕೂಡಬೇಕು. ಬಿಗಿತ ಸಡಿಲಾದಂತೆ ಇನ್ನೊಂದನ್ನು ನಡುವೆ ತೂರಿಸಬೇಕು. ಮೊದಲ ದಿನ 16 ಕಡ್ಡಿಗಳು ಹಿಡಿಸಿದವು. ದಿನಕ್ಕೆ ಐದು ಸಾರಿ, ಬಿಸಿನೀರಿನ ಬಟ್ಟೆಯಿಂದ ಕೆನ್ನೆ ಕಾಸಿಕೊಂಡು, ದಾಸರು ಧರ್ಮಶಾಲೆಯ ಜಗಲಿಯಲ್ಲಿ ಕಡ್ಡಿ ಕಚ್ಚಿ ಕೂಡುವರು. ಕಣ್ಣಲ್ಲಿ ನೀರು ಇಳಿಯುವುದು. ಮಕ್ಕಳೆಲ್ಲ ಸುತ್ತ ನಿಂತು ಎಣಿಸುವರು. ಐದನೆಯ ದಿನ 17, ಒಂಬತ್ತನೆಯ ದಿನ 18. ಹದಿನೆಂಟಕ್ಕೆ ನಾಲ್ಕು ದಿನ ನಿಂತೇ ಹೋಯಿತು. ನಾವು ಐವತ್ತು ಮಕ್ಕಳ ವರ್ಗಕ್ಕೆ ಶಬ್ದರೂಪ ಬಾಯಿಪಾಠ ಮಾಡಿಸಿದವರು. ಈ ಒಬ್ಬ ಶಿಷ್ಯನ ಒಂದು ಕಡ್ಡಿಗಾಗಿ ಪಟ್ಟ ಕಾತರವನ್ನು ಆಗ ಪಟ್ಟಿರಲಿಲ್ಲ.

ಅದೇ ಜಗಲಿಯಲ್ಲಿ ಸೊಲ್ಲಾಪುರದ ಒಬ್ಬ ತಾಯಿಯ ಪರಿಚಯವಾಯಿತು. ಸೊಲ್ಲಾಪುರದಲ್ಲಿ ಕನ್ನಡ ಮನೆಮಾತಿನವರು ಬಹಳ, ಆಕೆಯೂ ಅಂಥವಳೇ. ತಂಬಾಕನ್ನು ಸುಟ್ಟು ಮಾಡಿದ ಮಿಸ್ರಿಯಿಂದ ಹಲ್ಲುಜ್ಜುವ ಅಭ್ಯಾಸ ಬಾಲ್ಯದಿಂದ. ಧ್ವನಿಪೆಟ್ಟಿಗೆಯ ಮೇಲ್ಭಾಗದಲ್ಲಿ ಅರ್ಬುದ. ಜೊತೆಗೆ ಇಪ್ಪತ್ತು ವರ್ಷಗಳ ರುಮಟಾಯ್ಡ್ ಸಂಧಿವಾತ. ಆಕೆಯ ಬಲಗಡೆಯ ಸ್ವರತಂತು ಅಲುಗಾಡದೆ ನಿಂತಿತ್ತು. ಅರ್ಬುದವು ಆಳಕ್ಕೆ ಇಳಿದರೆ ತಂತು ಹೀಗೆ ನಿಲ್ಲುವುದರಿಂದ ಪೆಟ್ಟಿಗೆಯನ್ನೇ ತೆಗೆಯಬೇಕಾದೀತೆಂದು ಒಂದೆಡೆ ಹೇಳಿದ್ದರಂತೆ. ಇಲ್ಲಿ ಸೂಕ್ಷ್ಮವಾಗಿ ನೋಡಿದಾಗ ಅರ್ಬುದವು ಎಡಕ್ಕಿದ್ದು, ಬಲತಂತುವಿನ ಬುಡದ ಸಂಧಿಯು ಸಂಧಿವಾತದಿಂದಲೇ ಬೆಸೆದುಕೊಂಡಿತ್ತೆಂದು ತಿಳಿಯಿತು. ಬೆರಳ ಗೆಣ್ಣಿಗೆ ಬರುವ ವಾತವು ಗಂಟಲೊಳಗಿನ ಕಡಲೆಯಷ್ಟು ಸಂಧಿಗೂ ಬರುವುದೆಂದು ನಾವು ಅರಿತದ್ದು ಅಂದೇ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕಂಠರೋಗಗಳ ಸಾಲಿನಲ್ಲಿ ಸ್ವರಘ್ನ ಎಂಬುದೊಂದುಂಟು. ಸ್ವರವನ್ನು ಕೊಲ್ಲುವ ಕಾರಣಗಳು ಇಷ್ಟು ಬಗೆಯಾಗಿರುವವೆಂದು ಹೆಸರಿನಿಂದ ಊಹಿಸಲಾದೀತೆ?

ಆಕೆಗೆ ಅರಿವಳಿಕೆ ಕೊಡುವ ಮೊದಲು ಕುತ್ತಿಗೆಯನ್ನು ಬಗ್ಗಿಸಿ, ಎತ್ತಿಸಿ ಎಕ್ಸರೇ ತೆಗೆದರು. ಸಂಧಿವಾತವು ಕುತ್ತಿಗೆಯ ಮೇಲಿನ ಎರಡು ಎಲುಬುಗಳ ಬಂಧವನ್ನು ಸಡಿಲಿಸಿದ್ದರೆ, ಪರೀಕ್ಷೆಗಾಗಿ ತಲೆಯನ್ನು ಹಿಂದಕ್ಕೆ ಬಾಗಿಸುವಾಗ ಬೆನ್ನುಹುರಿಗೇ ಪೆಟ್ಟಾದೀತು. ಸಂಧಿವಾತಕ್ಕಾಗಿ ವಾರಕ್ಕೊಮ್ಮೆ ನುಂಗುತ್ತಿದ್ದ ಮೆಥೊಟ್ರೆಕ್ಸೇಟ್ ಗುಳಿಗೆಯು ವಿಕಿರಣದ ಉರಿಯನ್ನು ಹೆಚ್ಚಿಸಬಹುದಾದುದರಿಂದ ಅದನ್ನು ನಿಲ್ಲಿಸಿದರು. ಇಷ್ಟಾದ ಮೇಲೆ ಎಲ್ಲರಿಗೂ ಕೊಡುವಂತೆ 35 ದಿನಗಳ ವಿಕಿರಣ. ದಾಸರಿಗೆ ಬೇಡವಾದುದು ಆಕೆಗೆ ಔಷಧವಾಯಿತು. “ನನಗ ಕೊಡತಾರ, ನಿಮಗ ಯಾಕ ಕೊಡವಲ್ಲರು? ರೊಕ್ಕ ಕಡಿಮಿ ಬಿತ್ತೇನು?” ಎಂದು ಆ ತಾಯಿ ಮರುಗಿ ಕೇಳಿದ್ದಳು. ಎರಡು ರೋಗಗಳ ಭೇದವನ್ನು ಆಕೆಗೆ ತಿಳಿಯಹೇಳಲು ನಮಗೆ ಒಂದು ಸಂಜೆ ಹಿಡಿಯಿತು.

ಒಂದು ರವಿವಾರ ಮಾಟುಂಗಕ್ಕೆ ಹೋದೆವು. ಅಲ್ಲಿಯ ಮೈಸೂರು ಅಸೋಸಿಯೇಶನ್ನಿನ ಮುಂದೆ ದಾಸರು ಒಂದು ಕ್ಷಣ ನಿಂತು ನಡೆದರು. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ. ದಾಸರು ಅನ್ನಸಾರನ್ನು ನುಣ್ಣಗೆ ಕಲಸಿ ತುತ್ತಿಗೊಮ್ಮೆ ನೀರು ಕುಡಿದು ಉಂಡರು. ತರುವಾಯ ನಮ್ಮ ಹಟಕ್ಕಾಗಿ ಪರೇಲಿನ ಬಾರಾದೇವಿ ಗುಡಿಗೆ ಹೋದೆವು. 1931ರಲ್ಲಿ ರಸ್ತೆ ಮಾಡುವಾಗ ಭೂಮಿಯಲ್ಲಿ ದೊರೆತ ಆರನೆಯ ಶತಮಾನದ ಸುಮಾರಿನ ಮಹಾಶಿವಶಿಲೆ ಅಲ್ಲಿದೆ. ಒಂದೇ ಬಿಳಿಯ ಕಲ್ಲಿನಲ್ಲಿ ನಡುವೆ ಶಿವ, ಅವನ ಹೆಗಲಿನಿಂದ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ; ಇಬ್ಬದಿಗೂ ಕೊಂಬೆಗಳಂತೆ ಚಾಚಿದ ಮೂರ್ತಿಗಳು. ಆಳೆತ್ತರದ ಎರಡರಷ್ಟಿದೆ. ನಾವು ಕಂಠದಲ್ಲಿ ವಿಷವನ್ನು ಹದವರಿತು ನಿಲ್ಲಿಸಿದವನನ್ನು ನೆನೆದು ಮೇಲೆ ನೋಡುತ್ತಿದ್ದೆವು. ದಾಸರು ಕೆಳಗೆ ಕುಳಿತು ಪಾದದ ಬಳಿಯ ಕುಳ್ಳ ಗಣಗಳನ್ನೇ ನೋಡುತ್ತಿದ್ದರು. “ಮಾಸ್ತರ, ಇವರು ಬಾರಸಾಕ ಹತ್ಯಾರ, ನೋಡ್ರಿ” ಎಂದರು. ಹೌದು, ಗಣಗಳ ಕೈಯಲ್ಲಿ ವಾದ್ಯಗಳಿದ್ದವು.

ಡಿಸೆಂಬರ್ 20 ಗಾಡಗೆ ಮಹಾರಾಜರ ಪುಣ್ಯದಿನ. ಅವರು 1956ರಲ್ಲಿ ಅಂದು ದೇಹ ಬಿಟ್ಟರು. ಶಸ್ತ್ರಕ್ರಿಯೆ 22ಕ್ಕೆ ಗೊತ್ತಾಗಿತ್ತು; ಕಡ್ಡಿಗಳು ಇಪ್ಪತ್ತಕ್ಕೆ ಮುಟ್ಟಿದ್ದವು. ಸಂಜೆ ಅಂಗಳದಲ್ಲಿ ನಾಲ್ಕು ಜನ ಸೇರಿ ಭಜನೆಗೆ ಕುಳಿತರು. ಯಾರೋ ದಾಸರು ಕೀರ್ತನಕಾರರೆಂದು ಹೇಳಿಬಿಟ್ಟರು. ದಾಸರು ಎದ್ದು ನಿಂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಗಜೇಂದ್ರಮೋಕ್ಷದ ಕಥೆಯನ್ನು ಒಡಕು ದನಿಯಲ್ಲಿಯೇ ಹೇಳಿದರು. ನಡುವೆ ಪದ ಹೇಳುವಲ್ಲಿ ದನಿ ಎರಡು ಸಾರಿ ಕಿತ್ತುಹೋಯಿತು. ಕುತ್ತಿಗೆಯಲ್ಲಿ ರಂಧ್ರವಿದ್ದ ಬಿಹಾರದ ಗೃಹಸ್ಥನು ಬೆರಳಿಟ್ಟು ಆ ಸಾಲನ್ನು ತಿರುಗಿ ಎತ್ತಿಕೊಂಡನು. ಭಾಷೆ ತಿಳಿಯದಿದ್ದರೂ ಧಾಟಿ ತಿಳಿದಿತ್ತು. ದಾಸರ ಆ ಕಂಠದ ಕೊನೆಯ ಕೀರ್ತನೆ ಅದೇ.

ಶಸ್ತ್ರಕ್ರಿಯೆಯ ದಿನದ ಏರ್ಪಾಡುಗಳನ್ನು ಆ ವೈದ್ಯೆ ಮುಂಚೆಯೇ ಹೇಳಿದ್ದಳು. ಬಾಯಿ ಚಿಕ್ಕದಾದುದರಿಂದ ಎಚ್ಚರವಿರುವಾಗಲೇ ಮೂಗಿನ ಮೂಲಕ ಬಳುಕುವ ದುರ್ಬೀನಿನ ಸಹಾಯದಿಂದ ಉಸಿರಿನ ನಳಿಕೆಯನ್ನಿಳಿಸಿ, ಆಮೇಲೆ ನಿದ್ದೆ ಬರಿಸುವುದು. ಹೊಟ್ಟೆಯ ಹುಳಿ ಶ್ವಾಸಕೋಶಕ್ಕೆ ಇಳಿಯದಂತೆ ಮೊದಲೇ ಔಷಧ. ಬೆರಳು ತಣ್ಣಗಾಗದಂತೆ ಬಿಸಿಗಾಳಿಯ ಹೊದಿಕೆ. ಪ್ರಾಣವಾಯುವನ್ನಳೆಯುವ ಚಿಮಟಿಗೆಯು ಅವರ ಬೆರಳಲ್ಲಿ ಸರಿಯಾಗಿ ತೋರಿಸದಾದುದರಿಂದ ಕಿವಿಗೆ. ಗಂಟಲು ಬಾತರೆ ಸಾಮಾನ್ಯವಾಗಿ ಧಾರಾಳವಾಗಿ ಕೊಡುವ ಸ್ಟೀರಾಯ್ಡನ್ನು ಇಂಥವರಿಗೆ ಅಳೆದು ಕೊಡಬೇಕು. ಹೆಚ್ಚಾದರೆ ಮೂತ್ರಪಿಂಡಗಳು ಒಮ್ಮೆಲೆ ಕೆಟ್ಟು ರಕ್ತದೊತ್ತಡ ಏರೀತು. ಲೇಸರಿನಿಂದ ಸ್ವರತಂತುವನ್ನು ಕೊಯ್ಯುವ ವಿದ್ಯೆಯನ್ನು 1972ರಲ್ಲಿ ಬೋಸ್ಟನ್ನಿನ ಸ್ಟ್ರಾಂಗ್, ಜೇಕೋ ಎಂಬವರು ಆರಂಭಿಸಿದರಂತೆ. ಹೊರಗೆ ಬೆಂಚಿನ ಮೇಲೆ ಕುಳಿತ ನಮಗೂ ವೈನಿಯವರಿಗೂ ಆ ಮೂರು ಗಂಟೆ ಹೇಗೆ ಹೋಯಿತೆಂಬುದನ್ನು ಬರೆಯಲಾರೆವು. ಸಪೂರವಾದ ನಳಿಗೆಯು ಇಳಿಯಿತು, ಗಂಟು ಬುಡಸಹಿತ ಬಂದಿತು ಎಂದು ವೈದ್ಯೆ ಹೊರಬಂದು ಹೇಳಿದಾಗ ವೈನಿಯವರು ಚೀಲದಿಂದ ಧಾರವಾಡ ಫೇಡೆಯ ಪೆಟ್ಟಿಗೆಯನ್ನು ತೆಗೆದು ಆಕೆಯ ಕೈಯಲ್ಲಿಟ್ಟರು. ಒಂದು ತಿಂಗಳು ಕಾದ ಫೇಡೆ! ಆಕೆ ನಗುತ್ತ ಒಂದನ್ನು ಬಾಯಿಗಿಟ್ಟುಕೊಂಡಳು.

ಒಂದು ವಾರ ಮೌನ. ನಾವು ದಾದರಿನಲ್ಲಿ ಮಕ್ಕಳ ಪಾಟಿಯನ್ನೂ ಬಳಪವನ್ನೂ ಕೊಂಡುತಂದೆವು. ಬಿಗಿದ ಬೆರಳುಗಳಿಂದ ದಾಸರು ಬರೆಯುವ ಅಕ್ಷರಗಳು ಒಂದೊಂದೂ ಅಂಗೈಯಷ್ಟು. ಕೊಯ್ದ ಅಂಚಿನಲ್ಲಿ ರೋಗ ಉಳಿದಿಲ್ಲವೆಂಬ ವರದಿ ಬಂದ ದಿನ ಅವರು ಪಾಟಿಯಲ್ಲಿ “ಚಹಾ” ಎಂದಷ್ಟೇ ಬರೆದು ತೋರಿಸಿದರು. ಹುಳಿ ಹೆಚ್ಚುವುದೆಂದು ಬಿಡಿಸಿದ್ದ ಚಹಾ. ಅಂದು ಅರ್ಧ ಕಪ್ಪು ಕೊಟ್ಟೆವು.

ಜನವರಿಯ ಮೊದಲ ವಾರದಲ್ಲಿ ಮರಳಿದೆವು. ದಾಸರ ದನಿ ಈಗ ಬಿದಿರಿನಲ್ಲಿ ಗಾಳಿ ಹೊಕ್ಕಂತಿದೆ. ಮೇಲಿನ ಷಡ್ಜ ಬರುವುದಿಲ್ಲ. ಸ್ವರಶಿಕ್ಷಕಿ ಹೇಳಿಕೊಟ್ಟ ಅಭ್ಯಾಸಗಳಿಂದ ಮಾತು ಮೂರನೆಯ ಸಾಲಿನವರೆಗೂ ಕೇಳಿಸುತ್ತದೆ. ಮೊದಲ ವರ್ಷ ಎರಡು ತಿಂಗಳಿಗೊಮ್ಮೆ ಪರೇಲಿಗೆ ಹೋಗಿ ಗಂಟಲು ತೋರಿಸಿದೆವು. ಈಗ ಅಂತರ ಹೆಚ್ಚಾಗಿದೆ. ಐದು ವರ್ಷ ತುಂಬುವವರೆಗೆ ನಿಶ್ಚಿಂತೆಯಿಲ್ಲ. ತಿರುಗಿ ಬಂದರೆ ತಿರುಗಿ ಲೇಸರು, ಆಗದಿದ್ದರೆ ಅಂದು ತಪ್ಪಿಸಿದ ವಿಕಿರಣವನ್ನೇ ಮತ್ತೆ ತೂಗಿ ನೋಡಬೇಕಾದೀತು. ಕಡ್ಡಿಗಳ ಕಟ್ಟು ದೇವರ ಕೋಣೆಯ ಗೂಡಿನಲ್ಲಿದೆ; ದಿನವೂ ಕಚ್ಚುತ್ತಾರೆ, ಇಪ್ಪತ್ತೊಂದಕ್ಕೆ ಬಂದಿದೆ. ಯಾವ ವೈದ್ಯರ ಬಳಿಗೆ ಹೋದರೂ, ಹಲ್ಲು ನೋಯುವುದಕ್ಕೇ ಹೋದರೂ, ದಾಸರು ಮೊದಲು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚುತ್ತಾರೆ.

ಮೊದಲ ಸಲ ಮರಳುವಾಗ ಕುಡಚಿಯ ಸೇತುವೆಗೆ ಇನ್ನೂ ಬೆಳಕಾಗಿರಲಿಲ್ಲ. ಮೌನದ ವಾರ ಮುಗಿದಿದ್ದರೂ ಹೆಚ್ಚು ಮಾತು ಬೇಡವೆಂದಿದ್ದರು. ಗಾಡಿಯ ಸದ್ದು ಬದಲಾದೊಡನೆ ದಾಸರು ಎದ್ದು ಕುಳಿತು, ನಮ್ಮ ಮೊಣಕೈ ತಿವಿದು, ಪಾಟಿಯನ್ನು ದೀಪದ ಕಡೆ ಹಿಡಿದರು. “ಕಿಡಕಿ ತಗೀರಿ” ಎಂದಿತ್ತು. ವೈನಿಯವರು ಅವರ ಕೈಗಳಿಗೆ ಶಾಲು ಸುತ್ತಿದ ಮೇಲೆ ತೆಗೆದೆವು.